ಜೋಡಿ ಜಿಗಿತದಲ್ಲಿ ಪ್ಯಾರಾಷೂಟಿನ ತೊಡಕುಗಳು

ಪ್ಯಾರಾಷೂಟು ಕಟ್ಟಿಕೊಂಡು ಆಕಾಶದಿಂದ ಜಿಗಿಯುವುದು ಒಂದು ಕಾಲಕ್ಕೆ ಸೈನಿಕರ ಮತ್ತು ಹಣಕ್ಕಾಗಿ ಸಾಹಸ ತೋರಿಸುವವರ ಕೆಲಸವಾಗಿತ್ತು. ಈಗ ಹಾಗಲ್ಲ. ದುಬಾಯಿ, ಆಸ್ಟ್ರೇಲಿಯ, ಅಮೆರಿಕ ಮುಂತಾದ ಕಡೆಗಳಲ್ಲಿ ನೆಲಸಿರುವ ನಮ್ಮ ಹಳೆವಿದ್ಯಾರ್ಥಿನಿಯರೂ ಅವರ ಹೆಣ್ಣುಮಕ್ಕಳೂ ಹುಟ್ಟುಹಬ್ಬದ ನೆವದಿಂದಲೋ, ಪರೀಕ್ಷೆ ಮುಗಿದ ಸಂತೋಷದಿಂದಲೋ, ಶಿಕ್ಷಕರೊಬ್ಬರ ಮೈಗೆ ಪಟ್ಟಿಗಳಿಂದ ಬಿಗಿಸಿಕೊಂಡು ಹದಿಮೂರು ಸಾವಿರ ಅಡಿಗಳ ಮೇಲಿಂದ ಜಿಗಿಯುವುದುಂಟು. ಇದಕ್ಕೆ ಟ್ಯಾಂಡೆಮ್ ಜಿಗಿತ, ಅಂದರೆ ಜೋಡಿ ಜಿಗಿತವೆಂದು ಹೆಸರು. ವಿಮಾನವನ್ನು ಹತ್ತುವ ಮೊದಲು ಒಂದು ಕಾಗದಕ್ಕೆ ರುಜು ಹಾಕಬೇಕು. ಏನೇ ಆದರೂ ನಿಮ್ಮ ಮೇಲೆ ದಾವೆ ಹೂಡುವುದಿಲ್ಲವೆಂಬುದೇ ಆ ಕಾಗದದ ತಾತ್ಪರ್ಯ. ಅದನ್ನು ಪೂರ್ತಿಯಾಗಿ ಓದಿ ರುಜು ಹಾಕುವವರು ವಿರಳ. ಸುದ್ದಿ ತಿಳಿದ ತಾಯಿಯು, “ಕೊಡೆ ಬಿಚ್ಚದಿದ್ದರೆ?” ಎಂದು ಕೇಳುವಳು. ಮಗಳು, “ಹಾಗೆಲ್ಲ ಆಗುವುದಿಲ್ಲಮ್ಮ” ಎನ್ನುವಳು. ತಾಯಿಯ ಪ್ರಶ್ನೆ ನ್ಯಾಯವಾದದ್ದು. ಮಗಳ ಉತ್ತರ ಮಾತ್ರ ಸರಿಯಲ್ಲ. ಹಾಗೆ ಆಗುವುದುಂಟು. ಆದಾಗ ಏನು ನಡೆಯುತ್ತದೆಂಬುದನ್ನು ತಾಯಿಮಗಳಿಬ್ಬರೂ ತಿಳಿದಿರತಕ್ಕದ್ದೆಂದು ನಮ್ಮ ಅಭಿಪ್ರಾಯ. ಆದಕಾರಣ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲಾಗಿ ಒಂದು ಮಾತು. ಮುಖ್ಯವಾದ ಕೊಡೆಯು ಎಂದಾದರೂ ಕೆಡುವುದೆಂಬ ಎಣಿಕೆಯ ಮೇಲೆಯೇ ಈ ಸಲಕರಣೆಯನ್ನೆಲ್ಲ ರಚಿಸಿದ್ದಾರೆ. ಕೊಡೆಯು ಕೆಡುವುದು ಬೇರೆ, ಅಪಘಾತವಾಗುವುದು ಬೇರೆ. ಮೊದಲನೆಯದು ಎರಡನೆಯದಕ್ಕೆ ದಾರಿಯಾಗುವುದು ಹೆಚ್ಚಾಗಿ ಎರಡು ಕಾರಣಗಳಿಂದ. ಸರಿಪಡಿಸಲು ಬೇಕಾದ ಎತ್ತರವು ಮುಗಿದುಹೋಗುವುದು ಒಂದು. ಕೆಟ್ಟ ಕೊಡೆಯು ಒಳ್ಳೆಯ ಕೊಡೆಯ ದಾರಿಗೆ ಅಡ್ಡ ಬರುವುದು ಇನ್ನೊಂದು. ಮುಂದೆ ಹೇಳುವ ತೊಡಕುಗಳನ್ನೆಲ್ಲ ವಾಚಕರು ಈ ಎರಡು ಅಳತೆಗೋಲುಗಳಿಂದ ಅಳೆದು ನೋಡಬೇಕು.

ಎತ್ತರವೆಂದರೆ ಇಲ್ಲಿ ಕಾಲವೇ. ಬೀಳುವ ಮನುಷ್ಯನ ವೇಗವು ಗಂಟೆಗೆ ಸುಮಾರು 120 ಮೈಲಿ, ಎಂದರೆ ಸೆಕೆಂಡಿಗೆ 176 ಅಡಿ. ಸಾವಿರ ಅಡಿ ಇಳಿಯುವುದಕ್ಕೆ ಆರು ಸೆಕೆಂಡು ಸಹ ಬೇಡ. ಜೋಡಿ ಜಿಗಿತದಲ್ಲಿ ಮುಖ್ಯ ಕೊಡೆಯನ್ನು ಸುಮಾರು 5,000 ಅಡಿಗಳಲ್ಲಿ ಬಿಚ್ಚುವುದು ವಾಡಿಕೆ. ಏನನ್ನೂ ಬಿಚ್ಚದೆ ಹಾಗೆಯೇ ಬಿದ್ದರೆ ಅಲ್ಲಿಂದ ನೆಲಕ್ಕೆ ಅರ್ಧ ನಿಮಿಷವೂ ಇಲ್ಲ. ಅದೇ ಕೊಡೆಯು ಚೆನ್ನಾಗಿ ಅರಳಿದರೆ ಐದಾರು ನಿಮಿಷಗಳ ವಿಹಾರ. ಒಂಟಿಯಾಗಿ ಜಿಗಿಯುವ ನುರಿತವರು ಇದಕ್ಕಿಂತ ಬಹಳ ಕೆಳಗೆ ಕೊಡೆ ಬಿಚ್ಚುತ್ತಾರೆ. ಜೋಡಿಗೆ ಹೆಚ್ಚು ಎತ್ತರವನ್ನು ಇಟ್ಟಿರುವುದು ತೊಡಕನ್ನು ಗುರುತಿಸಿ ಬಿಡಿಸುವುದಕ್ಕೆ ಕಾಲ ಉಳಿಯಲೆಂದೇ.

ಇನ್ನು ಸಲಕರಣೆಯ ವಿಚಾರ. ಶಿಕ್ಷಕರ ಬೆನ್ನಿನ ಮೇಲೆ ಒಂದೇ ಗಂಟು ಕಂಡರೂ ಅದರೊಳಗೆ ಮೂರು ಕೊಡೆಗಳಿವೆ. ಡ್ರೋಗ್ ಎಂಬುದು ಚಿಕ್ಕದು. ಇಬ್ಬರ ಭಾರವು ಒಂದಾದಾಗ ಬೀಳುವ ವೇಗವು ಗಂಟೆಗೆ 180 ಮೈಲಿಯವರೆಗೂ ಏರಬಹುದು. ಆ ವೇಗದಲ್ಲಿ ದೊಡ್ಡ ಕೊಡೆಯನ್ನು ಬಿಚ್ಚಿದರೆ ಬಟ್ಟೆ ಹರಿದೀತು, ಮೈಗೂ ಪೆಟ್ಟಾದೀತು. ಆದುದರಿಂದ ಜಿಗಿದು ಮೈ ಸ್ತಿಮಿತಕ್ಕೆ ಬಂದೊಡನೆ ಶಿಕ್ಷಕರು ಡ್ರೋಗನ್ನು ಗಾಳಿಗೆ ಎಸೆಯುತ್ತಾರೆ. ಅದು ಬೆನ್ನ ಹಿಂದೆ ಲಗಾಮಿನಂತೆ ಎಳೆಯುತ್ತ ಇಬ್ಬರ ವೇಗವನ್ನು ಒಬ್ಬರ ವೇಗಕ್ಕೆ ಇಳಿಸುತ್ತದೆ. ಬಿಚ್ಚುವ ಎತ್ತರ ಬಂದಾಗ ಒಂದು ಹಿಡಿಯನ್ನು ಎಳೆದರೆ ಅದೇ ಡ್ರೋಗ್ ಮುಖ್ಯ ಕೊಡೆಯ ಚೀಲವನ್ನು ಗಂಟಿನಿಂದ ಹೊರಗೆ ಸೆಳೆಯುವುದು. ಮುಖ್ಯ ಕೊಡೆಯು ನಾವು ಮಳೆಗೆ ಹಿಡಿಯುವ ಕೊಡೆಯಂತೆ ದುಂಡಗಿಲ್ಲ. ಮುಂಬದಿಯಲ್ಲಿ ಬಾಯಿ ತೆರೆದ ದಿಂಬಿನ ಗವುಸುಗಳನ್ನು ಸಾಲಾಗಿ ಹೊಲಿದಂತೆ ಅದು ನೀಳವಾದ ಚೌಕ. ಗವುಸುಗಳೊಳಗೆ ಗಾಳಿ ತುಂಬಿ ಅದು ರೆಕ್ಕೆಯಾಗುತ್ತದೆ. ಮೂರನೆಯದು ಮೀಸಲು ಕೊಡೆ. ಅದೂ ಇದೇ ಜಾತಿಯದು.

ತೊಡಕುಗಳಲ್ಲಿ ಜೋಡಿ ಜಿಗಿತಕ್ಕೆ ವಿಶೇಷವಾದವು ಡ್ರೋಗಿಗೆ ಸಂಬಂಧಿಸಿದವು. ಹೊಸಬಳ ನಡತೆಯಿಂದ ಹೆಚ್ಚು ಕಡಮೆಯಾಗುವುದೂ ಇವೇ. ವಿಮಾನದ ಬಾಗಿಲು ಬಿಟ್ಟೊಡನೆ ಹೊಸಬಳು ಹೆದರಿ ಮಂಡಿಗಳನ್ನು ಹೊಟ್ಟೆಗೆ ಸೆಳೆದುಕೊಂಡು ಮುದುಡಿಕೊಂಡರೆ ಇಬ್ಬರ ಮೈಯೂ ಪಕ್ಕಕ್ಕೆ ಉರುಳಿ ಬುಗುರಿಯಂತೆ ಸುತ್ತತೊಡಗುತ್ತದೆ. ಸುತ್ತುವಾಗ ಡ್ರೋಗನ್ನು ಎಸೆದರೆ ಅದರ ಪಟ್ಟಿಯು ತೋಳಿಗೋ ಕಾಲಿಗೋ ಸುತ್ತಿಕೊಳ್ಳುವ ಭಯವುಂಟು. ಎಸೆಯದಿದ್ದರೆ ವೇಗವು ಏರುತ್ತದೆ. ಇದನ್ನು ತಪ್ಪಿಸುವ ಉಪಾಯವು ಸುಲಭವಾದದ್ದು: ಸೊಂಟವನ್ನು ಮುಂದಕ್ಕೆ ಒತ್ತಿ, ತಲೆಯನ್ನು ಹಿಂದಕ್ಕೆ ಚೆಲ್ಲಿ, ಹಿಮ್ಮಡಿಗಳನ್ನು ಶಿಕ್ಷಕರ ಕಾಲುಗಳ ನಡುವೆ ಹಿಂದಕ್ಕೆ ಮಡಿಸಿ, ಬಿಲ್ಲಿನಂತೆ ಬಾಗುವುದು. ಬಿಲ್ಲಿನಂತೆ ಬಾಗಿದ ಮೈಯು ತೇಲಲು ಬಿಟ್ಟ ತಟ್ಟೆಯಂತೆ ತಾನಾಗಿ ಹೊಟ್ಟೆ ಕೆಳಗಾಗಿ ನಿಲ್ಲುವುದು. ನೆಲದ ಮೇಲೆ ಮಾಡಿಸುವ ಹದಿನೈದು ಇಪ್ಪತ್ತು ನಿಮಿಷಗಳ ಅಭ್ಯಾಸದಲ್ಲಿ ಇದನ್ನೇ ಪದೇ ಪದೇ ಮಾಡಿಸುತ್ತಾರೆ. ನಗುತ್ತ, ಭಾವಚಿತ್ರ ತೆಗೆಸಿಕೊಳ್ಳುತ್ತ ಅದನ್ನು ಕಳೆಯುವವರನ್ನು ಕಂಡರೆ ನಮಗೆ ಬೇಸರವಾಗುತ್ತದೆ. ಮೇಲೆ ಹೋದ ಮೇಲೆ ಕಲಿಯುವುದಕ್ಕೆ ವೇಳೆಯಿಲ್ಲ.

ಡ್ರೋಗ್ ಸರಿಯಾಗಿ ನಿಂತಿದ್ದರೂ ಹಿಡಿಯನ್ನು ಎಳೆದಾಗ ಗಂಟು ಬಿಚ್ಚದೆ ಇರುವುದೊಂದುಂಟು. ಆಗ ಶಿಕ್ಷಕರು ಎರಡನೆಯ ಹಿಡಿಯನ್ನು ಎಳೆಯುವರು. ಇದಕ್ಕಾಗಿಯೇ ಎರಡು ಹಿಡಿಗಳನ್ನು ಇಟ್ಟಿದ್ದಾರೆ. ಅದಕ್ಕೂ ಬಿಚ್ಚದಿದ್ದರೆ ಮೀಸಲು ಕೊಡೆಗೆ ಕೈ ಹಾಕುವರು. ಡ್ರೋಗನ್ನು ಎಸೆಯಲಿಕ್ಕೇ ಆಗದೆ ಹೋದಾಗಲೂ ಮುಖ್ಯ ಕೊಡೆಯ ಗೊಡವೆಗೆ ಹೋಗದೆ ನೇರವಾಗಿ ಮೀಸಲು ಕೊಡೆಯನ್ನೇ ತೆರೆಯುವರು. ಇಂಥವನ್ನು ಪೂರ್ಣ ತೊಡಕು ಎನ್ನಬಹುದು. ಹೆಸರು ಭಯಂಕರವಾಗಿದ್ದರೂ ಇದರಲ್ಲಿ ನಿರ್ಣಯವು ಸ್ಪಷ್ಟ. ತಲೆಯ ಮೇಲೆ ಅಡ್ಡ ಬರುವ ಬಟ್ಟೆಯೂ ಕಡಮೆ. ಕೊರತೆಯೆಂದರೆ ಕಾಲದ್ದು.

ಅರ್ಧ ಬಿಚ್ಚಿದ ಕೊಡೆಯ ಕಥೆಯು ಬೇರೆ. ಕೆಲವೊಮ್ಮೆ ಚೀಲವು ಹೊರಗೆ ಬಂದರೂ ಅದರ ಬಾಯಿ ತೆರೆಯದೆ ಹಗ್ಗಗಳ ತುದಿಯಲ್ಲಿ ಮೂಟೆಯಂತೆ ನೇತಾಡುತ್ತದೆ. ಇದನ್ನು ಬ್ಯಾಗ್ ಲಾಕ್ ಎನ್ನುತ್ತಾರೆ. ಕೆಲವೊಮ್ಮೆ ಬಟ್ಟೆಯು ಚೀಲದಿಂದ ಬಂದು, ಅರಳದೆ, ತೋರಣದಂತೆ ಪಟಪಟನೆ ಬಡಿಯುತ್ತಿರುತ್ತದೆ. ಈ ಎರಡರಲ್ಲಿಯೂ ಬೀಳುವ ವೇಗವು ಹೆಚ್ಚು ಕಡಮೆ ಮೊದಲಿನಂತೆಯೇ ಇರುವುದರಿಂದ ತಡಮಾಡಲು ಆಸ್ಪದವಿಲ್ಲ. ಇನ್ನು ಕೆಲವೊಮ್ಮೆ ಕೊಡೆ ಅರಳುವಾಗ ಹಗ್ಗವೊಂದು ಬಟ್ಟೆಯ ಮೇಲಿನಿಂದ ಹಾದುಹೋಗುತ್ತದೆ. ಆಗ ಚೌಕವಾಗಿರಬೇಕಾದ ಕೊಡೆಯು ನಡುವೆ ಬಿಗಿದು ಡಮರುವಿನ ಆಕಾರವನ್ನು ತಾಳಿ, ಒಂದು ಪಕ್ಕಕ್ಕೆ ಗಿರ್ರನೆ ತಿರುಗತೊಡಗುತ್ತದೆ. ಇದು ಲೈನ್ ಓವರ್. ವೇಗವು ತಗ್ಗಿರುವುದರಿಂದ ಇಲ್ಲಿ ಒಂದು ಮೋಸವಿದೆ: ಇಷ್ಟಾದರೂ ಬಿಚ್ಚಿತಲ್ಲಾ, ನೋಡೋಣ, ಸರಿಹೋದೀತು ಎಂದು ಮನಸ್ಸು ಹೇಳುತ್ತದೆ, ಅಷ್ಟರಲ್ಲಿ ಎತ್ತರವು ಸೋರಿಹೋಗುತ್ತದೆ. ಆದುದರಿಂದಲೇ ಶಿಕ್ಷಕರು ಒಂದು ಎತ್ತರವನ್ನು ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ಅಲ್ಲಿಗೆ ಬರುವಷ್ಟರಲ್ಲಿ ಕೊಡೆ ಸರಿಹೋಗದಿದ್ದರೆ ಮತ್ತೆ ಆಲೋಚಿಸುವುದಿಲ್ಲ, ಕಳಚಿಬಿಡುತ್ತಾರೆ.

ಎಲ್ಲ ವಿಕಾರವೂ ತೊಡಕಲ್ಲ. ಹಗ್ಗಗಳು ಜಡೆಯಂತೆ ಹೊಸೆದುಕೊಂಡು ಬರುವುದು ಬಹು ಸಾಮಾನ್ಯ. ಉಯ್ಯಾಲೆಯ ಹಗ್ಗವನ್ನು ತಿರುಚಿ ಬಿಟ್ಟರೆ ಮಣೆಯು ತಾನೇ ತಿರುಗಿ ಬಿಡಿಸಿಕೊಳ್ಳುವುದನ್ನು ನಾವೆಲ್ಲರೂ ಬಾಲ್ಯದಲ್ಲಿ ಕಂಡಿದ್ದೇವೆ; ಇಲ್ಲಿಯೂ ಹಾಗೆಯೇ. ಶಿಕ್ಷಕರು ಪಟ್ಟಿಗಳನ್ನು ಅಗಲಿಸಿ ಕಾಲು ಬೀಸಿದರೆ ಬಹುಮಟ್ಟಿಗೆ ಬಿಚ್ಚಿಕೊಳ್ಳುತ್ತದೆ. ಕೊನೆಯ ಗವುಸುಗಳಲ್ಲಿ ಗಾಳಿ ತುಂಬದೆ ಅಂಚು ಮಡಚಿರುವುದೂ ಅಂಥದೇ. ತಿರುಗಿಸುವ ಹಗ್ಗಗಳನ್ನು ಒಂದೆರಡು ಬಾರಿ ಎಳೆದು ಬಿಟ್ಟರೆ ತುಂಬಿಕೊಳ್ಳುವುದು. ಹಗ್ಗಗಳ ನಡುವೆ ನಾಲ್ಕು ಮೂಲೆಗಳಲ್ಲಿ ಉಂಗುರವಿರುವ ಒಂದು ಬಟ್ಟೆಯ ತುಂಡು ಮೇಲಿನಿಂದ ಕೆಳಕ್ಕೆ ಜಾರಿ ಬರುವುದನ್ನು ಹೊಸಬಳು ನೋಡಬಹುದು. ಅದು ಸ್ಲೈಡರ್, ಕೊಡೆಯು ಒಮ್ಮೆಲೇ ತೆರೆದು ಮೈ ಮುರಿಯದಂತೆ ತಡೆಯುವುದೇ ಅದರ ಕೆಲಸ. ಅದು ಅರ್ಧದಲ್ಲಿ ನಿಂತರೆ ಶಿಕ್ಷಕರು ಅದನ್ನು ಇಳಿಸಲು ಯತ್ನಿಸುವರು. ಅವರು ಹೀಗೆ ಕಾಲು ಬೀಸುವುದನ್ನೂ ಹಗ್ಗ ಜಗ್ಗುವುದನ್ನೂ ಕಂಡು ಅನಾಹುತವಾಯಿತೆಂದು ಕೂಗಿಕೊಳ್ಳುವ ಕಾರಣವಿಲ್ಲ. ಅವರು ತಮ್ಮೊಳಗೆ ಕೇಳಿಕೊಳ್ಳುವ ಪ್ರಶ್ನೆಗಳನ್ನು ಹೊಸಬಳೂ ತಲೆಯೆತ್ತಿ ನೋಡಿ ಕೇಳಿಕೊಳ್ಳಬಹುದು. ಕೊಡೆಯು ಚೌಕವಾಗಿದೆಯೇ? ನೆಟ್ಟಗೆ ಹೋಗುತ್ತಿದೆಯೇ? ತಿರುಗಿಸಿದತ್ತ ತಿರುಗಿ, ಎಳೆದಾಗ ನಿಧಾನವಾಗುವುದೇ? ಮೂರಕ್ಕೂ ಹೌದೆಂದು ಉತ್ತರ ಬಂದರೆ ಆ ಕೊಡೆಯಲ್ಲಿ ಇಳಿಯಬಹುದು.

ಉತ್ತರವು ಇಲ್ಲವೆಂದಾದರೆ ಕಳಚಬೇಕು. ಕೆಟ್ಟ ಕೊಡೆಯನ್ನು ಇಟ್ಟುಕೊಂಡೇ ಮೀಸಲು ಕೊಡೆಯನ್ನು ಏಕೆ ತೆರೆಯಬಾರದೆಂದು ಕೆಲವರು ಕೇಳುವರು. ತೆರೆದರೆ ಹೊಸ ಕೊಡೆಯು ಹಳೆಯದರ ಹಗ್ಗಗಳೊಳಗೆ ನುಗ್ಗಿ ಎರಡೂ ಹಾಳಾಗುವ ಸಂಭವವುಂಟು. ಸಿಕ್ಕಿಕೊಳ್ಳದೆ ಎರಡೂ ಅರಳಿದರೂ ಒಂದರ ಹಿಂದೊಂದೋ, ಪಕ್ಕಪಕ್ಕದಲ್ಲೋ ಹಾರಬಹುದು. ಇಲ್ಲವೆ ಎರಡೂ ಬೇರೆ ಬೇರೆ ದಿಕ್ಕಿಗೆ ಮೂಗು ತಿರುಗಿಸಿ ನೆಲದ ಕಡೆಗೆ ನುಗ್ಗಬಹುದು. ಈ ಕಡೆಯದು ಬಹು ಅಪಾಯಕರ. ಆದುದರಿಂದ ಮೊದಲು ಕಳಚು, ಬಳಿಕ ತೆರೆ ಎಂಬುದು ಅರ್ಧ ಬಿಚ್ಚಿದ ಕೊಡೆಗೆ ನಿಯಮ.

ಈ ನಿಯಮದ ಚರಿತ್ರೆಯಲ್ಲಿ ಹೆಣ್ಣುಮಕ್ಕಳ ಪಾತ್ರವು ದೊಡ್ಡದು. 1868ರಲ್ಲಿ ಹುಟ್ಟಿದ ಜರ್ಮನಿಯ ಕೇಟೆ ಪೌಲುಸ್ ಎಂಬಾಕೆಯು ಹೊಲಿಗೆ ಬಲ್ಲವಳು. ಆಕೆಯ ಸಂಗಡಿಗನಾದ ಹರ್ಮನ್ ಲಾಟೆಮನ್ 1894ರಲ್ಲಿ ಕ್ರೆಫೆಲ್ಡ್ ಪಟ್ಟಣದಲ್ಲಿ ಪ್ಯಾರಾಷೂಟು ತೆರೆಯದೆ ಬಿದ್ದು ಸತ್ತನು. ಆಕೆ ಆ ಕೆಲಸವನ್ನು ಬಿಡಲಿಲ್ಲ. ಬೆಲೂನಿನಿಂದ ಜಿಗಿದು, ಒಂದು ಕೊಡೆಯನ್ನು ತೆರೆದು, ಅದನ್ನು ಬೇಕೆಂದೇ ಕಳಚಿ, ಇನ್ನೊಂದನ್ನು ತೆರೆದು ಇಳಿಯುವುದನ್ನು ಜನರಿಗೆ ತೋರಿಸಿದಳು. ನೋಡಿದವರಿಗೆ ಅದು ಚಮತ್ಕಾರ. ಈಗಿನ ಕಳಚುವ ವಿಧಾನಕ್ಕೆ ಅದೇ ಮೊದಲ ಪಾಠವೆಂದು ನಾವು ತಿಳಿಯುತ್ತೇವೆ. ಅಮೆರಿಕದ ಟೈನಿ ಬ್ರಾಡ್‌ವಿಕ್ 1914ರಲ್ಲಿ ಸಾನ್ ಡಿಯಾಗೋದಲ್ಲಿ ಸೈನ್ಯದವರ ಮುಂದೆ ವಿಮಾನದಿಂದ ಜಿಗಿದು ತೋರಿಸುತ್ತಿದ್ದಾಗ, ಕೊಡೆಯನ್ನು ಸೆಳೆಯಬೇಕಾಗಿದ್ದ ಹಗ್ಗವು ವಿಮಾನದ ಬಾಲಕ್ಕೆ ಸಿಕ್ಕಿಕೊಂಡಿತು. ಆಕೆಗೆ ಆಗ ಇಪ್ಪತ್ತೊಂದರ ಸುಮಾರಿನ ವಯಸ್ಸು. ಮುಂದಿನ ಜಿಗಿತದಲ್ಲಿ ಆ ಹಗ್ಗವನ್ನು ಮೊಟಕಾಗಿ ಕತ್ತರಿಸಿಕೊಂಡು, ಬೀಳುತ್ತ ತನ್ನ ಕೈಯಿಂದಲೇ ಎಳೆದು ಕೊಡೆಯನ್ನು ತೆರೆದಳು.

ಇಬ್ಬರು ಒಂದೇ ಕೊಡೆಯಲ್ಲಿ ಇಳಿದ ವೃತ್ತಾಂತವೂ ಒಂದು ತೊಡಕಿನಿಂದಲೇ ಬಂದದ್ದು. 1908ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನಲ್ಲಿ ಡಾಲಿ ಷೆಪರ್ಡ್ ಮತ್ತು ಹೊಸಬಳಾದ ಲೂಯಿ ಮೇ ಒಂದೇ ಬೆಲೂನಿಗೆ ನೇತುಕೊಂಡು, ತಮ್ಮ ತಮ್ಮ ಕೊಡೆಗಳಲ್ಲಿ ಇಳಿಯಬೇಕೆಂದು ಏರಿದರು. ಲೂಯಿಯ ಕೊಡೆಯು ಬೆಲೂನಿನಿಂದ ಕಳಚಲಿಲ್ಲ. ಬೆಲೂನು ಏರುತ್ತಲೇ ಇತ್ತು. ಡಾಲಿ ಆಕೆಯನ್ನು ತನ್ನ ಬಳಿಗೆ ಸೆಳೆದುಕೊಂಡು, ತನ್ನನ್ನು ಅಪ್ಪಿ ಹಿಡಿಯುವಂತೆ ಹೇಳಿ, ಇಬ್ಬರ ಭಾರವನ್ನೂ ಒಂದೇ ಕೊಡೆಗೆ ಹೊರಿಸಿ ಇಳಿದಳು. ಲೂಯಿಗೆ ಏನೂ ಆಗಲಿಲ್ಲ. ಡಾಲಿಯ ಬೆನ್ನಿಗೆ ಬಲವಾದ ಪೆಟ್ಟಾಗಿ ಕೆಲವು ಕಾಲ ನಡೆಯಲಾಗಲಿಲ್ಲ. ಗುಣವಾದ ಮೇಲೆ ಮತ್ತೆ ಜಿಗಿದಳು. ಆಕೆ ತೊಂಬತ್ತಾರು ವರ್ಷ ಬಾಳಿ 1983ರಲ್ಲಿ ತೀರಿಕೊಂಡಳು. ಇಬ್ಬರಿಗಾಗಿಯೇ ಹೊಲಿದ ಟ್ಯಾಂಡೆಮ್ ಸಲಕರಣೆಯನ್ನು ಅಮೆರಿಕದಲ್ಲಿ ಬಿಲ್ ಬೂತ್ ಮತ್ತು ಟೆಡ್ ಸ್ಟ್ರಾಂಗ್ ಎಂಬವರು ಬೇರೆ ಬೇರೆಯಾಗಿ ಸಿದ್ಧಗೊಳಿಸಿದ್ದೂ ಅದೇ ಸುಮಾರಿನಲ್ಲಿ.

ಈ ಬಿಲ್ ಬೂತ್ ಅವರೇ 1976ರ ಸುಮಾರಿಗೆ ಮೂರು ಉಂಗುರಗಳ ಬಿಡಿಕೆಯನ್ನು ಕಂಡುಹಿಡಿದವರು. ದೊಡ್ಡ ಉಂಗುರದೊಳಗೆ ನಡುವಿನ ಉಂಗುರ, ಅದರೊಳಗೆ ಚಿಕ್ಕ ಉಂಗುರ, ಚಿಕ್ಕದರ ಮೇಲೆ ಒಂದು ದಾರದ ಕುಣಿಕೆ, ಕುಣಿಕೆಯಲ್ಲಿ ಒಂದು ತಂತಿ. ಶಾಲೆಯಲ್ಲಿ ಓದಿದ ಸನ್ನೆಕೋಲಿನ ಪಾಠವು ವಾಚಕರಿಗೆ ನೆನಪಿರಬಹುದು. ಒಂದೊಂದು ಉಂಗುರವೂ ಒಂದೊಂದು ಸನ್ನೆಕೋಲು. ದೊಡ್ಡ ಉಂಗುರಕ್ಕೆ ಬೀಳುವ ನೂರಾರು ಸೇರಿನ ಭಾರವು ಕುಣಿಕೆಗೆ ಬರುವಷ್ಟರಲ್ಲಿ ಬಹಳ ಹಗುರಾಗಿರುತ್ತದೆ. ಆದುದರಿಂದ ಬಲಗಡೆಯ ಹಿಡಿಯನ್ನು ಎಳೆದರೆ ಎರಡು ಭುಜಗಳ ತಂತಿಗಳೂ ಕುಣಿಕೆಗಳಿಂದ ಜಾರಿ ಕೆಟ್ಟ ಕೊಡೆಯು ಹಾರಿಹೋಗುವುದು. ಹಿಂದೆ ಎರಡು ಭುಜಗಳಲ್ಲಿಯೂ ಬೇರೆ ಬೇರೆಯಾಗಿ ಕೊಕ್ಕೆ ಬಿಚ್ಚಬೇಕಾಗಿತ್ತು. ಎಡಗಡೆಯ ಹಿಡಿಯು ಮೀಸಲು ಕೊಡೆಯದು. ಕೆಟ್ಟ ಕೊಡೆಯು ಹಾರಿಹೋಗುವಾಗಲೇ ಮೀಸಲು ಕೊಡೆಯನ್ನು ತೆರೆಯುವ ಪಟ್ಟಿಯೂ ಉಂಟು. ಆದರೂ ಶಿಕ್ಷಕರು ಎರಡನೆಯ ಹಿಡಿಯನ್ನು ಎಳೆಯದೆ ಬಿಡುವುದಿಲ್ಲ.

ಶಿಕ್ಷಕರಿಗೇ ಎಚ್ಚರ ತಪ್ಪಿದರೆ? ಅದಕ್ಕೂ ಒಂದು ಉಪಾಯವಿದೆ. ಗಾಳಿಯ ಒತ್ತಡದಿಂದ ಎತ್ತರವನ್ನೂ ವೇಗವನ್ನೂ ಲೆಕ್ಕ ಹಾಕುವ ಚಿಕ್ಕ ಯಂತ್ರವೊಂದು ಗಂಟಿನೊಳಗೆ ಇರುತ್ತದೆ. ಜರ್ಮನಿಯ ಹೆಲ್ಮುಟ್ ಕ್ಲೋತ್ ರಚಿಸಿದ ಸೈಪ್ರೆಸ್ ಎಂಬುದು 1991ರಲ್ಲಿ ಬಂದು ಬಹಳ ಪ್ರಸಿದ್ಧವಾಯಿತು. ಜೋಡಿ ಜಿಗಿತಕ್ಕೆ ಹೊಂದಿಸಿದ ಇಂಥ ಯಂತ್ರವು ಸುಮಾರು 1,900 ಅಡಿಗಳಲ್ಲಿ ಇನ್ನೂ ಸೆಕೆಂಡಿಗೆ 35 ಮೀಟರಿಗಿಂತ ವೇಗವಾಗಿ ಬೀಳುತ್ತಿರುವುದು ಕಂಡರೆ, ಮೀಸಲು ಕೊಡೆಯ ಗಂಟನ್ನು ಮುಚ್ಚಿರುವ ಕುಣಿಕೆಯನ್ನು ತಾನೇ ಕತ್ತರಿಸುತ್ತದೆ. ಆದರೆ ಅದು ಕೆಟ್ಟ ಕೊಡೆಯನ್ನು ಕಳಚುವುದಿಲ್ಲ. ಅರ್ಧ ಬಿಚ್ಚಿದ ಕೊಡೆಯಿಂದ ವೇಗವು ತಗ್ಗಿದ್ದರೆ ಅದಕ್ಕೆ ಅಪಾಯವು ತಿಳಿಯುವುದೂ ಇಲ್ಲ. ಯಂತ್ರವಿದೆಯಲ್ಲಾ ಎಂದು ಶಿಕ್ಷಕರ ಯೋಗ್ಯತೆಯನ್ನು ವಿಚಾರಿಸದೆ ಇರುವುದು ತರವಲ್ಲ.

ಇನ್ನು ಹೊಸಬಳ ಪಾಲಿಗೆ ಬರುವ ಕರ್ತವ್ಯ. ಅದು ಬಹಳ ಸ್ವಲ್ಪ, ಆದರೆ ಆ ಸ್ವಲ್ಪವು ಅಗತ್ಯ. ಶಿಕ್ಷಕರ ಕೈಗಳನ್ನೂ ಯಾವ ಹಿಡಿಯನ್ನೂ ಮುಟ್ಟದೆ, ಹೇಳಿದಂತೆ ಎದೆಯ ಪಟ್ಟಿಯನ್ನು ಹಿಡಿದುಕೊಂಡಿರತಕ್ಕದ್ದು. ಭಯದಲ್ಲಿ ಮನುಷ್ಯನ ಕೈ ಸಿಕ್ಕಿದ್ದನ್ನು ಹಿಡಿಯುತ್ತದೆ. ಅದನ್ನು ತಡೆಯಲು ಮೊದಲೇ ಮನಸ್ಸಿಗೆ ಹೇಳಿಕೊಂಡಿರಬೇಕು. ಕಳಚುವ ಪ್ರಸಂಗ ಬಂದರೆ ಎದೆ ಜಲ್ಲೆಂದು ಮತ್ತೆ ಬೀಳುವಂತಾಗಿ, ಕೆಲವು ಸೆಕೆಂಡುಗಳಲ್ಲಿ ಇನ್ನೊಂದು ಸೆಳೆತ ಬರುವುದು. ಇದು ಹೀಗೆಯೇ ಆಗತಕ್ಕದ್ದೆಂದು ತಿಳಿದವಳು ಆ ಹೊತ್ತಿನಲ್ಲಿಯೂ ಬಿಲ್ಲಿನಂತೆ ಬಾಗಿ ಸುಮ್ಮನಿರಬಲ್ಲಳು. ಉದ್ದ ಜಡೆಯನ್ನು ಕಟ್ಟಿ ಒಳಗೆ ಸೇರಿಸಬೇಕು. ದುಪಟ್ಟಾ, ಸರ, ಸಡಿಲವಾದ ಬಟ್ಟೆ ಕೂಡದು. ಶೀತಲ್ ಮಹಾಜನ್ 2018ರಲ್ಲಿ ಥಾಯ್ಲೆಂಡಿನಲ್ಲಿ ಒಂಬತ್ತು ಗಜದ ಸೀರೆಯುಟ್ಟು ಜಿಗಿದರಲ್ಲಾ ಎಂದು ಯಾರಾದರೂ ವಾದಿಸಬಹುದು. ಅವರು ಅದಕ್ಕೆ ಮೊದಲು ನೂರಾರು ಬಾರಿ ಜಿಗಿದವರು. ತೊಡೆಯ ಪಟ್ಟಿಗಳೂ ಸೊಂಟದ ಪಟ್ಟಿಯೂ ಬಿಗಿಯಾಗಿವೆಯೇ ಎಂದು ಸಂಕೋಚಪಡದೆ ಕೇಳಬೇಕು. ನಮ್ಮ ಹೆಣ್ಣುಮಕ್ಕಳು ನಾಚಿಕೆಯಿಂದ ಸಡಿಲವಾಗಿದ್ದರೂ ಸರಿಯಾಗಿದೆ ಎನ್ನುವುದುಂಟು.

ಮೇಲೆ ಹೇಳಿದ ತೊಡಕುಗಳಿಗಿಂತ ಹೆಚ್ಚಾಗಿ ಗಾಯಗಳಾಗುವುದು ಇಳಿಯುವಾಗ, ಅದೂ ಒಳ್ಳೆಯ ಕೊಡೆಯಲ್ಲಿಯೇ. ನೆಲವು ಹತ್ತಿರವಾದಾಗ ಕಾಲು ತಾನಾಗಿ ಕೆಳಗೆ ಚಾಚುತ್ತದೆ. ಇಬ್ಬರ ಭಾರವೂ ಆ ಕಾಲ ಮೇಲೆ ಬಿದ್ದು ಹರಡು ಮುರಿಯುತ್ತದೆ. ಶಿಕ್ಷಕರು ಕಾಲೆತ್ತು ಎಂದೊಡನೆ ಮಂಡಿಗಳನ್ನು ಎದೆಯ ಕಡೆಗೆ ಎತ್ತಿ, ಪಾದಗಳನ್ನು ಮುಂದಕ್ಕೆ ಚಾಚಿ, ಕುಳಿತಂತೆ ಜಾರಿ ಇಳಿಯಬೇಕು. ಕುರ್ಚಿಯ ಮೇಲೆ ಕುಳಿತು ಎರಡು ಕೈಗಳಿಂದ ಮಂಡಿಗಳನ್ನೆತ್ತಿ ಹತ್ತು ಎಣಿಸುವಷ್ಟು ಹೊತ್ತು ಹಿಡಿಯಲಾಗದವರು ಆ ಸಂಗತಿಯನ್ನು ಶಿಕ್ಷಕರಿಗೆ ಮೊದಲೇ ತಿಳಿಸುವುದು ಒಳ್ಳೆಯದು.

ಜೋಡಿ ಜಿಗಿತದಲ್ಲಿ ಸುಮಾರು ಐದು ಲಕ್ಷ ಜಿಗಿತಗಳಿಗೆ ಹೊಸಬರೊಬ್ಬರ ಮರಣವೆಂದು ಅಮೆರಿಕದ ಪ್ಯಾರಾಷೂಟು ಸಂಘವು ಲೆಕ್ಕ ಕೊಟ್ಟಿದೆ. ಈ ಲೆಕ್ಕವು ಆ ದೇಶದ ಕಟ್ಟುನಿಟ್ಟುಗಳೊಡನೆ ಬಂದದ್ದು. ಕಟ್ಟುನಿಟ್ಟಿಲ್ಲದ ಕಡೆಗೆ ಅದನ್ನು ಹೊತ್ತುಕೊಂಡು ಹೋಗಲಾಗದು. ಅಲ್ಲಿಯ ಸರಕಾರದ ನಿಯಮದಂತೆ ಜೋಡಿ ಜಿಗಿಸುವ ಶಿಕ್ಷಕರಿಗೆ ಕಡಮೆಯೆಂದರೆ ಮೂರು ವರ್ಷಗಳ ಅನುಭವವೂ 500 ಜಿಗಿತಗಳೂ ಆಗಿರಬೇಕು. ಮೀಸಲು ಕೊಡೆಯನ್ನು ಪರವಾನೆ ಪಡೆದ ರಿಗರ್ ಒಬ್ಬರೇ ಮಡಿಸತಕ್ಕದ್ದು, ಮಡಿಸಿ 180 ದಿನಗಳು ಕಳೆದಿದ್ದರೆ ಅದನ್ನು ಉಪಯೋಗಿಸಕೂಡದು. ಆದುದರಿಂದ ರುಜು ಹಾಕುವ ಮೊದಲು ತಾಯ್ತಂದೆಗಳಾಗಲಿ ಮಗಳಾಗಲಿ ಕೇಳಬೇಕಾದದ್ದು ಕೊಡೆ ಬಿಚ್ಚದಿದ್ದರೆ ಎಂಬುದೊಂದನ್ನೇ ಅಲ್ಲ. ಶಿಕ್ಷಕರು ಎಷ್ಟು ಬಾರಿ ಜಿಗಿದಿದ್ದಾರೆ, ಯಾವ ಎತ್ತರದಲ್ಲಿ ಕೊಡೆ ಬಿಚ್ಚುತ್ತಾರೆ, ಯಾವ ಎತ್ತರದ ಕೆಳಗೆ ಸರಿಪಡಿಸುವ ಯತ್ನವನ್ನು ಬಿಟ್ಟು ಕಳಚುತ್ತಾರೆ, ತಾನೇ ಕುಣಿಕೆ ಕತ್ತರಿಸುವ ಯಂತ್ರವಿದೆಯೇ, ಗಾಳಿ ಎಷ್ಟಾದರೆ ಆ ದಿನದ ಜಿಗಿತವನ್ನು ನಿಲ್ಲಿಸುತ್ತಾರೆ ಎಂದು ಒಂದೊಂದಾಗಿ ಕೇಳಬೇಕು. ಕೇಳಿದ್ದಕ್ಕೆ ನಗುವವರ ಬಳಿ ಹಣ ಕಟ್ಟುವುದು ಬೇಡ. ಮೀಸಲು ಕೊಡೆಯೊಡನೆ ಒಂದು ಚೀಟಿ ಇರುತ್ತದೆ. ಅದರಲ್ಲಿ ಮಡಿಸಿದ ತಾರೀಖೂ ಮಡಿಸಿದವರ ರುಜುವೂ ಇರುತ್ತವೆ. ನಾವು ಅವರ ಕಾಗದಕ್ಕೆ ರುಜು ಹಾಕುವುದಕ್ಕೆ ಮೊದಲು ಆ ಚೀಟಿಯನ್ನು ತೋರಿಸಿರೆಂದು ಕೇಳಬಹುದು.